ಸ್ಲೀವ್ ಆಪರೇಷನ್ ಆದ ಮೂರನೇ ವಾರ: ಜ್ವರ, ಮೀನಖಂಡದ ನೋವು ಮತ್ತು ರಕ್ತದ ಹೆಪ್ಪು

ಪ್ರಶ್ನೆ: ನನ್ನ ಅಕ್ಕನಿಗೆ 41 ವರ್ಷ. ತೂಕ 118 ಕೆ.ಜಿ. ಇತ್ತು, ಜೊತೆಗೆ ಸಕ್ಕರೆ ಕಾಯಿಲೆ. 19 ದಿನಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ (ಹೊಟ್ಟೆಯ ಬಹುಭಾಗ ತೆಗೆದು ಕೊಳವೆಯಂತೆ ಮಾಡುವುದು) ಆಯಿತು. ಮೂರನೇ ದಿನ ಮನೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ 14 ದಿನಕ್ಕೆ ಬರೆದುಕೊಟ್ಟಿದ್ದರು, ಅದು ಮುಗಿದಿದೆ. ಈಗ ಶಿವಮೊಗ್ಗದಲ್ಲಿ ತವರಿನಲ್ಲಿದ್ದಾಳೆ. ಮನೆಯ ಮಕ್ಕಳಿಗೆ ಶೀತ, ಜ್ವರ ಬಂದಿತ್ತು. ಎರಡು ದಿನದಿಂದ ಅವಳಿಗೂ ಜ್ವರ, ಗಂಟಲು ನೋವು, ಮೈಕೈ ನೋವು. ನೀರು ಸೇರುತ್ತಿಲ್ಲ. ಎಡಗಾಲಿನ ಮೀನಖಂಡ ನೋಯುತ್ತದೆ ಎನ್ನುತ್ತಾಳೆ, ಅಮ್ಮ ಎಣ್ಣೆ ಬಿಸಿ ಮಾಡಿ ನೀವುತ್ತಿದ್ದಾರೆ. ಇಲ್ಲಿನ ಡಾಕ್ಟರು ವೈರಲ್ ಫೀವರ್ ಎಂದು ಮಾತ್ರೆ ಕೊಟ್ಟಿದ್ದಾರೆ. ಈ ಆಪರೇಷನ್ ಆದವರಿಗೆ ವೈರಲ್ ಜ್ವರ ಬಂದರೆ ರಕ್ತ ಗಟ್ಟಿಯಾಗುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ನಿಜವೇ? ಅಪ್ಪನಿಗೆ ತಂದಿಟ್ಟಿರುವ ಎಕೋಸ್ಪ್ರಿನ್ ಕೊಡಬಹುದೇ? ಈ ಅಪಾಯ ಎಷ್ಟು ದಿನ ಇರುತ್ತದೆ? ಲಸಿಕೆ ಹಾಕಿಸಬೇಕೇ, ಲಸಿಕೆಯಿಂದಲೇ ರಕ್ತ ಹೆಪ್ಪುಗಟ್ಟುತ್ತದೆ ಎನ್ನುತ್ತಾರಲ್ಲ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನಿನಲ್ಲಿ ಹೇಳಿದ ಮಾತನ್ನೇ ಇಲ್ಲಿಯೂ ಮೊದಲಿಗೆ ಬರೆಯುತ್ತೇನೆ. ಇದೇ ಸ್ಥಿತಿಯಲ್ಲಿರುವ ಇನ್ಯಾರೋ ಇದನ್ನು ಓದುತ್ತಿರಬಹುದು. ಕಾಲು ನೀವುವುದನ್ನು ಈ ಗಳಿಗೆಯೇ ನಿಲ್ಲಿಸಲು ಅಮ್ಮನಿಗೆ ಹೇಳಿ. ಎಕೋಸ್ಪ್ರಿನ್ ಕೊಡಬೇಡಿ. ಅಕ್ಕನನ್ನು ನಾಳೆಗೆ ಬಿಡದೆ ಇವತ್ತೇ, ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮತ್ತು ಸಿ.ಟಿ. ಸ್ಕ್ಯಾನ್ ಎರಡೂ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅಷ್ಟರೊಳಗೆ ಉಸಿರು ಸಾಲದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ 108ಕ್ಕೆ ಕರೆ ಮಾಡಿ, ಸ್ವಂತ ಕಾರಿಗೆ ಕಾಯಬೇಡಿ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಪರಿಚಯದವರು ಹೇಳಿದ್ದು ಅರ್ಧ ನಿಜ. ಕೆಲವು ವೈರಸ್‌ಗಳು ರಕ್ತವನ್ನು ಹೆಪ್ಪಿನ ಕಡೆಗೆ ಎಳೆಯುತ್ತವೆ. ಇನ್ನು ಕೆಲವು ರಕ್ತಸ್ರಾವದ ಕಡೆಗೆ ಎಳೆಯುತ್ತವೆ. ಉಳಿದರ್ಧ ಅದಕ್ಕಿಂತ ಮುಖ್ಯವಾದದ್ದು: ಆಪರೇಷನ್ ಆದ ಮೊದಲ ತಿಂಗಳಲ್ಲಿ ಬಂದ ಜ್ವರಕ್ಕೆ 'ವೈರಲ್' ಎಂಬ ಹೆಸರನ್ನು ಮೊದಲು ಇಡಬಾರದು, ಬೇರೆ ಎಲ್ಲವನ್ನೂ ತಳ್ಳಿಹಾಕಿ ಕೊನೆಗೆ ಇಡಬೇಕು.

ನಮ್ಮ ಮಾತಿನಲ್ಲಿ ರಕ್ತಕ್ಕೂ ಹಾಲಿಗೂ 'ಹೆಪ್ಪು' ಎಂಬ ಒಂದೇ ಪದವಿದೆ. ಹಾಲು ಮೊಸರಾಗಲು ಏನೇನು ಕೂಡಿಬರಬೇಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು: ಹಾಲು ಹದವಾಗಿ ಬೆಚ್ಚಗಿರಬೇಕು, ಪಾತ್ರೆ ಅಲುಗಾಡಬಾರದು, ಮೇಲೆ ಒಂದು ಚಮಚ ಹೆಪ್ಪು ಬೀಳಬೇಕು. ರಕ್ತದಲ್ಲಿ ನಡೆಯುವ ರಾಸಾಯನಿಕ ಕ್ರಿಯೆ ಬೇರೆಯೇ ಆದರೂ ಲೆಕ್ಕ ಹೀಗೆಯೇ. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ ಅವರ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಇವತ್ತಿಗೂ ಮೂರು ಕಾರಣಗಳನ್ನು ಕಲಿಸುತ್ತೇವೆ. ರಕ್ತದ ಹರಿವು ನಿಧಾನವಾಗುವುದು, ರಕ್ತವೇ ಗಟ್ಟಿಯಾಗಲು ಹದವಾಗಿರುವುದು, ರಕ್ತನಾಳದ ಒಳಗೋಡೆಗೆ ಪೆಟ್ಟು ಬೀಳುವುದು. ನಿಮ್ಮ ಅಕ್ಕನ ವಿಷಯದಲ್ಲಿ ಈ ಮೂರನ್ನೂ ಬೆರಳು ಮಡಚಿ ಎಣಿಸಬಹುದು.

ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿರುವವರಲ್ಲಿ ಕಾಲಿನಿಂದ ಮೇಲೇರುವ ರಕ್ತಕ್ಕೆ ಹೊಟ್ಟೆಯ ಒತ್ತಡವೇ ಅಡ್ಡಿಯಾಗುತ್ತದೆ. ಕೊಬ್ಬಿನ ಕಣಗಳೂ ಸುಮ್ಮನೆ ಕೂತಿರುವುದಿಲ್ಲ, ಹೆಪ್ಪು ಕರಗುವುದನ್ನು ತಡೆಯುವ ಪ್ರೊಟೀನನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಆಪರೇಷನ್ ಟೇಬಲ್ಲಿನ ಮೇಲೆ ತಲೆ ಮೇಲಾಗಿ, ಕಾಲು ಕೆಳಗಾಗಿ ಓರೆಯಾಗಿ ಮಲಗಿಸಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸಿ ಕೆಲಸ ಮಾಡುತ್ತಾರೆ. ಆ ಹೊತ್ತಿನಲ್ಲಿ ಕಾಲಿನ ರಕ್ತವೂ ಕರುಳಿನ ರಕ್ತವೂ ನಿಧಾನವಾಗಿ ಹರಿಯುತ್ತವೆ. ಕತ್ತರಿಸಿ ಹೊಲಿದ ಗಾಯಗಳು ಮಾಯುವುದಕ್ಕೆ ದೇಹ ತಾನಾಗಿಯೇ ರಕ್ತವನ್ನು ಗಟ್ಟಿಯಾಗುವ ಹದಕ್ಕೆ ತಂದಿಟ್ಟುಕೊಳ್ಳುತ್ತದೆ, ವಾರಗಟ್ಟಲೆ ಹಾಗೇ ಇಟ್ಟಿರುತ್ತದೆ. ಮನೆಗೆ ಬಂದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕಾದ್ದರಿಂದ ನೀರು ಸಾಲದು. ಹಾಲು ಹದವಾಗಿದೆ, ಪಾತ್ರೆ ಅಲುಗಾಡದೆ ಇದೆ. ಈ ಹೊತ್ತಿಗೆ ಜ್ವರ ಬಂದು ಒಂದು ಚಮಚ ಹೆಪ್ಪು ಬಿಟ್ಟಂತಾಗುತ್ತದೆ.

ಹೆದರಿಕೆ ಅಳತೆ ಮೀರದಿರಲೆಂದು ಅಂಕಿಯನ್ನೂ ಹೇಳಿಬಿಡುತ್ತೇನೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಈಗಿನ ಲ್ಯಾಪ್ರೊಸ್ಕೋಪಿ ವಿಧಾನದಲ್ಲಿ, ಸರಿಯಾದ ಮುಂಜಾಗ್ರತೆ ತೆಗೆದುಕೊಂಡಾಗ, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಾಣಿಸಿಕೊಳ್ಳುವುದು 200 ಜನರಲ್ಲಿ ಒಬ್ಬರ ಆಸುಪಾಸು. ದೊಡ್ಡ ಸಂಖ್ಯೆಯಲ್ಲ. ಆದರೆ ಈ ಆಪರೇಷನ್ ಆದ ಮೇಲೆ ಆಗುವ ಬೆರಳೆಣಿಕೆಯ ಸಾವುಗಳಲ್ಲಿ ಶ್ವಾಸಕೋಶಕ್ಕೆ ಹೋಗಿ ಕೂತ ಹೆಪ್ಪು ಮುಖ್ಯ ಕಾರಣಗಳಲ್ಲೊಂದು. ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸುವಂಥದ್ದು: ಈ ಹೆಪ್ಪುಗಳಲ್ಲಿ ಬಹುಪಾಲು ಆಸ್ಪತ್ರೆಯಲ್ಲಿ ಇರುವಾಗ ಆಗುವುದಿಲ್ಲ, ಮನೆಗೆ ಹೋದ ಮೇಲೆ ಆಗುತ್ತವೆ. ಕಾಲಿಗೆ ಗಾಳಿ ತುಂಬಿ ಹಿಂಡುವ ಯಂತ್ರ ಇಲ್ಲ, ನಾಡಿ ನೋಡುವ ನರ್ಸ್ ಇಲ್ಲ, ಬೆಳಗ್ಗೆ ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟ್ ಇಲ್ಲ, ಎರಡು ವಾರದ ಇಂಜೆಕ್ಷನ್ನೂ ಮುಗಿದಿದೆ. ಎನಾಕ್ಸಪರಿನ್ ಎಂಬ ಆ ಇಂಜೆಕ್ಷನ್ನಿನ ಪರಿಣಾಮ ಒಂದು ದಿನದ ಮೇಲೆ ಉಳಿಯುವುದಿಲ್ಲ. ಐದು ದಿನದ ಹಿಂದೆ ನಿಂತಿದ್ದರೆ ಇವತ್ತು ಅದರ ರಕ್ಷಣೆ ಇಲ್ಲ ಎಂದೇ ತಿಳಿಯಬೇಕು. ಯಾರಿಗೆ ಎರಡು ವಾರ ಸಾಕು, ಯಾರಿಗೆ ನಾಲ್ಕು ವಾರ ಬೇಕು ಎಂಬುದನ್ನು ತೂಕ, ವಯಸ್ಸು, ಹಿಂದೆ ಹೆಪ್ಪುಗಟ್ಟಿದ್ದ ಇತಿಹಾಸ, ಆಪರೇಷನ್ ಹಿಡಿದ ಸಮಯ ಇವನ್ನೆಲ್ಲ ತೂಗಿ ನಿರ್ಧರಿಸುತ್ತಾರೆ. ನಿಮ್ಮ ಅಕ್ಕನಿಗೆ ಎರಡು ವಾರ ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬರೆದ ದಿನ ಅವರಿಗೆ ಜ್ವರ ಇರಲಿಲ್ಲ, ಇವತ್ತು ಇದೆ. ಲೆಕ್ಕ ಬದಲಾಗಿದೆ.

ವೈರಸ್ ಬಂದಾಗ ಏನಾಗುತ್ತದೆ? ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೇ ಹೆಪ್ಪುಗಟ್ಟುವ ಕ್ರಿಯೆಗೂ ಚಾಲನೆ ಕೊಡುತ್ತವೆ. ರೋಗಾಣುವನ್ನು ಬಲೆ ಬೀಸಿ ಹಿಡಿದಿಡುವುದು ದೇಹದ ಹಳೆಯ ಉಪಾಯ, ಆ ಬಲೆಯ ಮೇಲೆಯೇ ರಕ್ತ ಹೆಪ್ಪುಗಟ್ಟುತ್ತದೆ. ರಕ್ತನಾಳದ ಒಳಪದರ ಊದಿಕೊಂಡು ಅಂಟಂಟಾಗುತ್ತದೆ. ಇದು ಕೋವಿಡ್ ಬಂದ ಮೇಲೆ ಕಂಡುಕೊಂಡದ್ದೇನಲ್ಲ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದು, ಉಸಿರಾಟದ ಸೋಂಕು ಬಂದ ಮೊದಲ ಎರಡು ವಾರಗಳಲ್ಲಿ ಕಾಲಿನ ರಕ್ತನಾಳ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ತೋರಿಸಿತ್ತು. ಅವರಾರೂ ಆಪರೇಷನ್ ಆದವರೆಂದು ಆರಿಸಿದವರಲ್ಲ, ಸಾಮಾನ್ಯ ಜನ.

ಕೋವಿಡ್ ಈ ಮಾತನ್ನು ಬಹಳ ಕ್ರೂರವಾಗಿ ಮನವರಿಕೆ ಮಾಡಿಸಿತು. ಸ್ವೀಡನ್ನಿನಲ್ಲಿ ಸೋಂಕು ಖಚಿತವಾದ 10 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 30 ದಿನಗಳಲ್ಲಿ ಕಾಲಿನ ಹೆಪ್ಪು ಐದು ಪಟ್ಟು, ಶ್ವಾಸಕೋಶದ ಹೆಪ್ಪು 33 ಪಟ್ಟು ಹೆಚ್ಚಿತ್ತು. ಕಾಲಿನ ಹೆಪ್ಪಿನ ಅಪಾಯ ಮೂರು ತಿಂಗಳವರೆಗೆ, ಶ್ವಾಸಕೋಶದ್ದು ಆರು ತಿಂಗಳವರೆಗೆ ಪೂರ್ತಿ ತಗ್ಗಿರಲಿಲ್ಲ. ಆಪರೇಷನ್ ಆದವರ ಬಗ್ಗೆಯೇ 115 ದೇಶಗಳ 1,28,013 ರೋಗಿಗಳನ್ನು ಒಳಗೊಂಡ ಇನ್ನೊಂದು ಅಧ್ಯಯನ ನಡೆಯಿತು. ಅದರಲ್ಲಿ ಎಲ್ಲ ಬಗೆಯ ಆಪರೇಷನ್‌ಗಳೂ ಸೇರಿದ್ದವು, ತೂಕ ಇಳಿಸುವುದು ಮಾತ್ರವಲ್ಲ. ಸೋಂಕಿಲ್ಲದವರಲ್ಲಿ ಶೇ 0.5 ಇದ್ದ ಹೆಪ್ಪಿನ ಪ್ರಮಾಣ, ಆಪರೇಷನ್ನಿನ ಆಸುಪಾಸಿನಲ್ಲೇ ಸೋಂಕು ತಗುಲಿದವರಲ್ಲಿ ಶೇ 2.2 ಆಗಿತ್ತು, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಇವೆಲ್ಲ ಮೊದಮೊದಲ ಅಲೆಗಳ ಅಂಕಿಗಳು. ಲಸಿಕೆ ಬಂದ ಮೇಲೆ, ವೈರಸ್ಸಿನ ರೂಪವೂ ಬದಲಾದ ಮೇಲೆ ತೀವ್ರತೆ ಇಳಿದಿದೆ. ಆದರೂ ಆಪರೇಷನ್ ಆಗಿ ಮೂರು ವಾರ ತುಂಬದವರಿಗೆ ಶೀತ, ಗಂಟಲು ನೋವು ಬಂದರೆ ಕೋವಿಡ್ ಮತ್ತು ಇನ್‌ಫ್ಲುಯೆಂಜಾ ಪರೀಕ್ಷೆ ಮಾಡಿಸಿ ಎಂದೇ ನಾನು ಹೇಳುತ್ತೇನೆ. ಫಲಿತಾಂಶ ಏನೇ ಬರಲಿ, ನಿಂತ ಇಂಜೆಕ್ಷನ್ ಮತ್ತೆ ಶುರು ಮಾಡಬೇಕೇ ಎಂದು ನಿಮ್ಮ ಸರ್ಜನ್ನರನ್ನು ಅದೇ ದಿನ ಕೇಳಲು ಅದು ಒಳ್ಳೆಯ ಕಾರಣ.

ಇಷ್ಟು ಓದಿ 'ಹಾಗಾದರೆ ರಕ್ತ ತೆಳುವಾಗಿಸುವ ಔಷಧ ಏನಾದರೂ ಕೊಟ್ಟುಬಿಡೋಣ' ಎಂದು ಅನ್ನಿಸಿದರೆ, ದಯವಿಟ್ಟು ತಡೆಯಿರಿ. ನೀವಿರುವುದು ಶಿವಮೊಗ್ಗದಲ್ಲಿ. ಜ್ವರ, ಮೈಕೈ ನೋವು ಅಂದರೆ ನಮ್ಮಲ್ಲಿ ಡೆಂಗಿಯೂ ಇರಬಹುದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸುವ ಮಟ್ಟಕ್ಕೆ ಹರಡಿತ್ತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಇಳಿಯುತ್ತದೆ, ರಕ್ತನಾಳಗಳು ಸೋರುತ್ತವೆ, ರಕ್ತಸ್ರಾವದ ಭಯ ಇರುತ್ತದೆ. ನಿಮ್ಮ ಜಿಲ್ಲೆಗೆ ಇನ್ನೂ ಒಂದು ಚಿಂತೆ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡನ್ನು ಬಿಟ್ಟಿಲ್ಲ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಉಣುಗುಗಳಿಂದ ಹರಡುತ್ತದೆ, ಅದರಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವಾಗಬಹುದು. ಅಕ್ಕ ಮನೆ ಬಿಟ್ಟು ಹೊರಗೆ ಹೋಗಿಲ್ಲವಾದರೂ ತೋಟ, ಕಾಡಂಚಿನ ಮನೆಯಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಒಂದೇ 'ವೈರಲ್' ಎಂಬ ಪದದ ಕೆಳಗೆ ಎರಡು ವಿರುದ್ಧ ದಿಕ್ಕಿನ ಅಪಾಯಗಳು ಕೂತಿವೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಫ್ಲೂ, ಕೋವಿಡ್ ಆದರೆ ಎನಾಕ್ಸಪರಿನ್ ಕಾಪಾಡಬಹುದು. ಡೆಂಗಿ, ಮಂಗನ ಕಾಯಿಲೆ ಆದರೆ ಅದೇ ಇಂಜೆಕ್ಷನ್ ರಕ್ತ ಹರಿಸಬಹುದು. ಯಾವುದೆಂದು ತಿಳಿಯಲು ಮೊದಲ ಐದು ದಿನಗಳಲ್ಲಿ ಡೆಂಗಿ ಪತ್ತೆಯ ಎನ್‌ಎಸ್1 ಪರೀಕ್ಷೆ, ದಿನವೂ ಪ್ಲೇಟ್‌ಲೆಟ್ ಎಣಿಕೆ ಬೇಕು. ಇಂಜೆಕ್ಷನ್ ಇನ್ನೂ ನಡೆಯುತ್ತಿರುವಾಗ ಡೆಂಗಿ ಖಚಿತವಾದವರು 'ಬರೆದುಕೊಟ್ಟಿದ್ದಾರೆ' ಎಂದು ತಮ್ಮಷ್ಟಕ್ಕೆ ಚುಚ್ಚಿಕೊಳ್ಳುತ್ತಾ ಹೋಗಬಾರದು, 'ರಕ್ತ ತೆಳುವಾಗುತ್ತದೆ' ಎಂದು ಹೆದರಿ ತಾವೇ ನಿಲ್ಲಿಸಲೂಬಾರದು. ಅವತ್ತಿನ ಎಣಿಕೆಯನ್ನು ಮುಂದಿಟ್ಟುಕೊಂಡು ಡಾಕ್ಟರೇ ನಿರ್ಧರಿಸಬೇಕು. ಅಪರೂಪಕ್ಕೆ ಈ ಇಂಜೆಕ್ಷನ್ನೇ, ಶುರು ಮಾಡಿದ ಐದನೇ ದಿನದ ನಂತರ, ಪ್ಲೇಟ್‌ಲೆಟ್ ಇಳಿಸಿ ಜೊತೆಗೆ ಹೆಪ್ಪನ್ನೂ ಗಟ್ಟಿಸುವುದುಂಟು. ಹಾಗಾಗಿ ಪ್ಲೇಟ್‌ಲೆಟ್ ಕಡಿಮೆ ಬಂದಾಕ್ಷಣ ಡೆಂಗಿ ಎಂದೂ ತೀರ್ಮಾನಿಸಲಾಗದು.

ಎಕೋಸ್ಪ್ರಿನ್ ಯಾಕೆ ಬೇಡ ಎಂದರೆ, ಅದರಲ್ಲಿರುವ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳನ್ನು ಮಂಕಾಗಿಸುವ ಔಷಧ. ಹೃದಯದ ಅಪಧಮನಿಯಲ್ಲಿ ರಕ್ತ ರಭಸದಿಂದ ಹರಿಯುವಲ್ಲಿ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. ಕಾಲಿನ ಅಭಿಧಮನಿಯಲ್ಲಿ ನಿಧಾನವಾಗಿ ಹರಿಯುವ ರಕ್ತ ಗಟ್ಟಿಯಾಗುವ ಬಗೆ ಬೇರೆ, ಅಲ್ಲಿ ಈಗಾಗಲೇ ಹೆಪ್ಪಿದ್ದರೆ ಆಸ್ಪಿರಿನ್ ಅದಕ್ಕೆ ಚಿಕಿತ್ಸೆಯಲ್ಲ. ಡೆಂಗಿ ಇದ್ದರೆ ಅದು ಅಪಾಯ. ಮೂರು ವಾರದ ಹಿಂದೆ ಹೊಟ್ಟೆಯ ಮುಕ್ಕಾಲು ಭಾಗ ತೆಗೆದು ಸ್ಟೇಪಲ್ ಹಾಕಿದ ಸಾಲಿನ ಮೇಲೆ ಹುಣ್ಣಾಗಿಸಿದರೆ ಇನ್ನೊಂದು ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳಿಗೂ ಇದೇ ಮಾತು. ಮೆಡಿಕಲ್ ಶಾಪಿನಲ್ಲಿ ಕೊಡುವ 'ಜ್ವರ, ಮೈಕೈ ನೋವಿನ ಮಾತ್ರೆ'ಯ ಹಿಂಬದಿಯನ್ನು ಓದಿ ನೋಡಿ, ಪ್ಯಾರಾಸಿಟಮಾಲ್ ಜೊತೆಗೆ ಇವು ಸೇರಿರುತ್ತವೆ. ಅಕ್ಕನಿಗೆ ಬರೀ ಪ್ಯಾರಾಸಿಟಮಾಲ್ ಮಾತ್ರ.

ಇನ್ನು ಮೊದಲು ಹೇಳಿದ ಆ ಉಳಿದರ್ಧದ ಮಾತು. ಜ್ವರ ವೈರಲ್ ಅಲ್ಲದೆಯೂ ಇರಬಹುದು. ಸ್ಲೀವ್ ಆದವರಲ್ಲಿ ಹೊಲಿಗೆಯ ಸಾಲು, ಅನ್ನನಾಳ ಹೊಟ್ಟೆಗೆ ಸೇರುವ ಜಾಗದ ಹತ್ತಿರ, ಸಣ್ಣಗೆ ಸೋರಬಹುದು. ಇದು ಮನೆಗೆ ಹೋದ ಮೇಲೆ, ಎರಡನೇ ಮೂರನೇ ವಾರದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಜ್ವರ, ಎಡ ಭುಜದ ನೋವು, ಎಲ್ಲಕ್ಕಿಂತ ಮೊದಲು ವೇಗದ ನಾಡಿ. ಮಲಗಿ ವಿಶ್ರಾಂತಿಯಲ್ಲಿರುವಾಗ ನಾಡಿ ನಿಮಿಷಕ್ಕೆ 120 ದಾಟಿದ್ದರೆ, ಜ್ವರದ ಮಾತ್ರೆ ಕೊಟ್ಟು ಮೈ ತಣ್ಣಗಾದ ಮೇಲೂ ಇಳಿಯದಿದ್ದರೆ, ಅದು ಸೋರಿಕೆ ಅಥವಾ ಶ್ವಾಸಕೋಶದ ಹೆಪ್ಪು ಎಂದೇ ತಿಳಿದು ಹುಡುಕಬೇಕು. ನಾಡಿ ಎಣಿಸಲು ಯಂತ್ರ ಬೇಕಿಲ್ಲ. ಗಡಿಯಾರ ನೋಡುತ್ತಾ ಒಂದು ನಿಮಿಷ ಮಣಿಕಟ್ಟು ಹಿಡಿದರೆ ಸಾಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನೂ ಹಚ್ಚಿ ನೋಡಿ, 94ಕ್ಕಿಂತ ಕೆಳಗಿದ್ದರೆ ಕಾಯಬಾರದು.

ಮತ್ತೊಂದು ಹೆಪ್ಪು ಈ ಆಪರೇಷನ್ನಿಗೆ, ಅದರಲ್ಲೂ ಸ್ಲೀವ್‌ಗೆ ವಿಶೇಷವಾದದ್ದು. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳ ಮತ್ತು ಅದರ ಕವಲುಗಳಲ್ಲಿ ಹೆಪ್ಪುಗಟ್ಟುವುದು. ಹೊಟ್ಟೆಯನ್ನು ಕೊಳವೆಯಂತೆ ಮಾಡುವಾಗ ಅದರ ಎಡ ಅಂಚಿನುದ್ದಕ್ಕೂ ಗುಲ್ಮದ ಕಡೆಯ ಸಣ್ಣ ರಕ್ತನಾಳಗಳನ್ನೆಲ್ಲ ಮುಚ್ಚಿ ಕತ್ತರಿಸುತ್ತಾರೆ. ಅಲ್ಲಿ ಹರಿವು ಬದಲಾಗುತ್ತದೆ, ಮೇಲೆ ನೀರಿನ ಕೊರತೆ. ನೂರರಲ್ಲಿ ಒಬ್ಬರಿಗೂ ಆಗದ ತೊಂದರೆ ಇದು, ಆದರೆ ಬರುವುದು ಹೆಚ್ಚಾಗಿ ಎರಡು, ಮೂರನೇ ವಾರದಲ್ಲೇ, ಅದೂ ಗುರುತು ಸಿಗದಂತೆ: ಹೊಟ್ಟೆಯಲ್ಲಿ ಎಲ್ಲಿ ಎಂದು ತೋರಿಸಲಾಗದ ನೋವು, ವಾಕರಿಕೆ, ಸಣ್ಣ ಜ್ವರ.

ವರ್ಷಗಳ ಹಿಂದೆ ಆಪರೇಷನ್ ಆಗಿ 16 ದಿನವಾಗಿದ್ದ ಒಬ್ಬರು ರಾತ್ರಿ ಫೋನ್ ಮಾಡಿ ಇದನ್ನೇ ಹೇಳಿದರು. ಮನೆಯಲ್ಲಿ ಎಲ್ಲರಿಗೂ ಜ್ವರ ಎಂದರು. 'ಹಾಗಾದರೆ ವೈರಲ್ ಇರಬಹುದು, ಎರಡು ದಿನ ನೋಡೋಣ' ಎಂದು ನಾನೇ ಹೇಳಿದೆ. ಮೂರನೇ ದಿನ ಸಿ.ಟಿ. ಮಾಡಿಸಿದಾಗ ಕರುಳಿನ ರಕ್ತನಾಳದ ಉದ್ದಕ್ಕೂ ಹೆಪ್ಪಿತ್ತು, ಒಂದು ಮೊಳ ಕರುಳು ಕಪ್ಪಾಗಿತ್ತು, ತೆಗೆಯಬೇಕಾಯಿತು. ಅವರು ಬದುಕಿದರು. ಆ ಎರಡು ದಿನ ನನ್ನ ಮಾತಿನಿಂದ ಕಳೆದುಹೋದವು ಎಂಬುದು ಮಾತ್ರ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿಗೂ ಜ್ವರ ಇತ್ತು ಎಂದು ನೀವು ಬರೆದ ಸಾಲು ಓದಿದಾಗ ನನಗೆ ನೆನಪಾದದ್ದು ಅವರೇ. ಮನೆಯವರಿಗೆಲ್ಲ ಜ್ವರ ಇದ್ದಾಗಲೂ ಆಪರೇಷನ್ ಆದವರ ಜ್ವರಕ್ಕೆ ಬೇರೆ ಕಾರಣ ಇರಬಹುದು, ಎರಡೂ ಒಟ್ಟಿಗೇ ಇರಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಮೀನಖಂಡಕ್ಕೆ ಡಾಪ್ಲರ್. ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಬರೆದರೆ, ಆಪರೇಷನ್ ಆಗಿ ಮೂರು ವಾರವೂ ಆಗಿಲ್ಲ ಎಂದು ನೆನಪಿಸಿ. ಈ ಅವಧಿಯಲ್ಲಿ ಗಾಯ ಮಾಯುತ್ತಿರುವುದರಿಂದಲೇ ಅದು ಹೆಚ್ಚು ಬರುತ್ತದೆ, ಜ್ವರದಲ್ಲೂ ಹೆಚ್ಚು ಬರುತ್ತದೆ. ಹೆಚ್ಚು ಬಂದರೆ ಹೆಪ್ಪಿದೆ ಎಂದರ್ಥವಲ್ಲ. ಪಾದವನ್ನು ಮೇಲಕ್ಕೆ ಬಗ್ಗಿಸಿ 'ನೋವಿಲ್ಲವಲ್ಲ, ಹಾಗಾದರೆ ಏನೂ ಇಲ್ಲ' ಎನ್ನುವ ಹಳೆಯ ಪರೀಕ್ಷೆಯನ್ನೂ ನಂಬಲಾಗದು. ಉಸಿರು ಅಥವಾ ನಾಡಿಯಲ್ಲಿ ವ್ಯತ್ಯಾಸವಿದ್ದರೆ ಶ್ವಾಸಕೋಶದ ಸಿ.ಟಿ. ಆಂಜಿಯೋ, ಹೊಟ್ಟೆ ನೋವಿದ್ದರೆ ಬಣ್ಣದ ಔಷಧ ಕೊಟ್ಟು ಮಾಡುವ ಹೊಟ್ಟೆಯ ಸಿ.ಟಿ. ಮೀನಖಂಡದ ನೋವು ಬರೀ ಜ್ವರದ ಮೈಕೈ ನೋವೇ ಆಗಿರಬಹುದು, ಸಾಮಾನ್ಯವಾಗಿ ಹಾಗೇ ಆಗಿರುತ್ತದೆ. ಆದರೆ ಜ್ವರದ ನೋವು ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ನೋಯುವುದು, ಊದುವುದು, ಬಿಸಿಯಾಗಿರುವುದು ಹೆಪ್ಪಿನ ಲಕ್ಷಣ. ಹಾಗಿರುವ ಕಾಲನ್ನು ನೀವಿದರೆ ಸಡಿಲಾಗಿ ಕೂತ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಅಮ್ಮ ಪ್ರೀತಿಯಿಂದ ಮಾಡಿದ್ದು, ಅವರನ್ನು ಗದರಬೇಡಿ.

ಹೆಪ್ಪು ಸಿಕ್ಕರೆ ಅದೇ ಎನಾಕ್ಸಪರಿನ್ ಅನ್ನು ತೂಕದ ಲೆಕ್ಕದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಶುರು ಮಾಡುತ್ತಾರೆ, ಚಿಕಿತ್ಸೆ ಕನಿಷ್ಠ ಮೂರು ತಿಂಗಳು. 'ಇಂಜೆಕ್ಷನ್ ಯಾಕೆ, ಈಗ ಮಾತ್ರೆ ಬಂದಿದೆಯಲ್ಲ' ಎಂದು ಯಾರಾದರೂ ಹೇಳಬಹುದು. ರಿವರೊಕ್ಸಬಾನ್, ಅಪಿಕ್ಸಬಾನ್ ಮುಂತಾದ ಮಾತ್ರೆಗಳು ಹೊಟ್ಟೆ ಮತ್ತು ಕರುಳಿನ ಮೇಲ್ಭಾಗದಲ್ಲಿ ರಕ್ತಕ್ಕೆ ಸೇರುವಂಥವು. ಆ ದಾರಿಯನ್ನೇ ಬದಲಿಸಿರುವವರಲ್ಲಿ ಎಷ್ಟು ಸೇರುತ್ತದೆ ಎಂಬ ಭರವಸೆ ಇರುವುದಿಲ್ಲ. ಆದ್ದರಿಂದ ಮೊದಲ ನಾಲ್ಕು ವಾರವಾದರೂ ಇಂಜೆಕ್ಷನ್ನೇ ಸರಿ ಎಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡವರಿಗೆ ಇದು ಇನ್ನೂ ಮುಖ್ಯ.

ನೀರು ಸೇರುತ್ತಿಲ್ಲ ಎಂದು ಎರಡೇ ಪದದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲಿಯೇ ನಿಂತಿತು. ಜ್ವರ ಬಂದರೆ ಲಂಘನವೇ ಪರಮೌಷಧ ಎನ್ನುವ ಮಾತು ನಮ್ಮ ಮನೆಗಳಲ್ಲಿ ಬಹಳ ಗಟ್ಟಿ. ಸ್ಲೀವ್ ಆದವರು ಮೊದಲೇ ಲಂಘನದಲ್ಲಿರುತ್ತಾರೆ, ಅವರಿಗೆ ಅದನ್ನು ಹೇಳಬೇಡಿ. ಇನ್ನೊಂದು ರೂಢಿ, ಆಪರೇಷನ್ ಆಗಿ ತವರಿಗೆ ಬಂದವರನ್ನು ಬಾಣಂತಿಯಂತೆ ನೋಡಿಕೊಳ್ಳುವುದು: ಕಿವಿಗೆ ಬಟ್ಟೆ ಕಟ್ಟಿ, ಬೆಚ್ಚಗೆ ಮಲಗಿಸಿ, ಎದ್ದರೆ 'ಬಿದ್ದುಕೋ' ಎಂದು ಗದರಿ, ನೀರನ್ನೂ ಅಳೆದು ಕೊಡುವುದು. ಮಮತೆಯಿಂದ ಮಾಡುವುದೇ ಆದರೂ ಹೆಪ್ಪುಗಟ್ಟಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆ ಇಲ್ಲದಂತೆ ನೀರು, ಓಆರ್‌ಎಸ್, ಸಕ್ಕರೆ ಹಾಕದ ತೆಳು ಮಜ್ಜಿಗೆ, ಬೇಳೆಕಟ್ಟು ಇವನ್ನು ಎಚ್ಚರವಿರುವಷ್ಟು ಹೊತ್ತೂ ಗುಟುಕರಿಸುತ್ತಿರಬೇಕು. ಜ್ವರವಿದ್ದರೂ, ಕಾಲಿನಲ್ಲಿ ಹೆಪ್ಪಿಲ್ಲವೆಂದು ಸ್ಕ್ಯಾನ್ ಹೇಳಿದ ಮೇಲೆ, ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಸುತ್ತು ನಡೆಯಬೇಕು. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು. ಪರಂಗಿ ಎಲೆಯ ರಸ, ಖಾರದ ಕಷಾಯ ಈ ಹೊಟ್ಟೆಗೆ ಬೇಡ.

ಕುಡಿದದ್ದು ನಿಲ್ಲದಿದ್ದರೆ ಡ್ರಿಪ್ ಬೇಕಾಗುತ್ತದೆ. ಅಲ್ಲಿ ಒಂದು ಮಾತು ಹೇಳಲೇಬೇಕು: ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಡಿ ಎಂದು. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಖಾಲಿಯಾಗುತ್ತದೆ. ಖಾಲಿಯಾದವರಿಗೆ ನೇರ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟಾಗುತ್ತದೆ: ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು. ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ 'ಸುಸ್ತಿಗೆ ಒಂದು ಬಾಟಲಿ' ಎಂದು ಏರಿಸುವಾಗ ಇದು ನೆನಪಾಗುವುದಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಅವು ಮೂತ್ರದಲ್ಲಿ ಸಕ್ಕರೆ, ನೀರು ಎರಡನ್ನೂ ಹೊರಹಾಕುತ್ತವೆ. ಊಟವಿಲ್ಲದೆ ಜ್ವರದಲ್ಲಿರುವಾಗ, ರಕ್ತದ ಸಕ್ಕರೆ ಹೆಚ್ಚು ಕಾಣದೆಯೇ ರಕ್ತ ಆಮ್ಲವಾಗುವ ಅಪಾಯವಿದೆ. ಹೆಂಗಸರಿಗೆ ಇನ್ನೊಂದು ಎಚ್ಚರಿಕೆ, ಯಾರೂ ಡಾಕ್ಟರಿಗೆ ಹೇಳದೇ ಉಳಿಸುವ ವಿಷಯ. ಹಬ್ಬ, ಗೃಹಪ್ರವೇಶ ಬಂದಾಗ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವ ಅಭ್ಯಾಸ ಮನೆಮನೆಯಲ್ಲಿದೆ. ಆ ಹಾರ್ಮೋನು, ಗರ್ಭನಿರೋಧಕ ಮಾತ್ರೆಯಲ್ಲಿನ ಈಸ್ಟ್ರೊಜೆನ್, ಎರಡೂ ಹೆಪ್ಪಿನ ಅಪಾಯ ಹೆಚ್ಚಿಸುತ್ತವೆ. ಈ ತಿಂಗಳುಗಳಲ್ಲಿ ಅವು ಬೇಡವೇ ಬೇಡ. ಗರ್ಭಧಾರಣೆಯನ್ನು ಒಂದೂವರೆ ವರ್ಷ ಮುಂದೂಡಲು ಹೇಳುತ್ತೇವಾದ್ದರಿಂದ ಬೇರೆ ವಿಧಾನದ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ.

ಅಪಾಯ ಎಷ್ಟು ದಿನ? ಮೊದಲ ಒಂದು ತಿಂಗಳು ಅತಿ ಹೆಚ್ಚು, ಮೂರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತದೆ. ಆಮೇಲೆ ತೂಕ ಇಳಿದಂತೆ, ಆಪರೇಷನ್ನಿಗೆ ಮೊದಲಿದ್ದುದಕ್ಕಿಂತಲೂ ಕಡಿಮೆಯಾಗುತ್ತದೆ, ಅದು ಈ ಆಪರೇಷನ್ನಿನ ಲಾಭಗಳಲ್ಲೊಂದು. ಚೆಕಪ್‌ಗೆಂದು ಬೆಂಗಳೂರಿಗೆ ಐದಾರು ಗಂಟೆ ಕೂತು ಹೋಗುವಾಗ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ನಡೆಯಲಿ. ರಾತ್ರಿ ಸ್ಲೀಪರ್ ಬಸ್ಸು ಮೂರು ತಿಂಗಳು ಬೇಡ ಎನ್ನುತ್ತೇನೆ.

ಲಸಿಕೆ ಹಾಕಿಸಬೇಕು. ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲದ ಇಂಜೆಕ್ಷನ್ ರೂಪವನ್ನು, ಆಪರೇಷನ್ನಿಗೆ ಎರಡು ವಾರ ಮುಂಚೆಯೇ ಹಾಕಿಸಿದ್ದರೆ ಚೆನ್ನಾಗಿತ್ತು. ಈಗ ಜ್ವರ ಬಿಟ್ಟು ಚೇತರಿಸಿಕೊಂಡ ಮೇಲೆ ಅಕ್ಕನಿಗೂ, ಅಪ್ಪ ಅಮ್ಮನಿಗೂ ಹಾಕಿಸಿ, ಮುಂದೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು. ಲಸಿಕೆಯಿಂದ ಹೆಪ್ಪು ಎಂದು ನೀವು ಕೇಳಿರುವುದು ಆಸ್ಟ್ರಾಜೆನೆಕಾ, ಅಂದರೆ ನಮ್ಮಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ಕೊಟ್ಟ ಲಸಿಕೆಯ ಸುದ್ದಿ. ಪ್ಲೇಟ್‌ಲೆಟ್ ಇಳಿದು ಹೆಪ್ಪುಗಟ್ಟುವ ಒಂದು ಅತಿ ಅಪರೂಪದ ತೊಂದರೆ ಅದರಿಂದ ಆದದ್ದು ನಿಜ. ಆದರೆ ಅದು ಆದದ್ದು ಲಸಿಕೆ ಹಾಕಿದ ಕೆಲವೇ ವಾರಗಳೊಳಗೆ. 2021ರಲ್ಲಿ ಹಾಕಿಸಿಕೊಂಡದ್ದು ಈಗ ಬಂದು ಕಾಡುವುದಿಲ್ಲ. ಕೋವಿಡ್ ಸೋಂಕಿನಿಂದ ಆದ ಹೆಪ್ಪುಗಳ ಸಂಖ್ಯೆ ಲಸಿಕೆಯಿಂದ ಆದದ್ದಕ್ಕಿಂತ ಬಹಳ ಹೆಚ್ಚು. ಫ್ಲೂ ಲಸಿಕೆಗೆ ಈ ತೊಂದರೆಯ ಸಂಬಂಧವೇ ಇಲ್ಲ.

ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಯಾವ ಆಪರೇಷನ್, ಯಾವ ತಾರೀಕು, ಕೊನೆಯ ಎನಾಕ್ಸಪರಿನ್ ಯಾವತ್ತು, ಎಷ್ಟು ಮಿಲಿಗ್ರಾಂ, ಈಗಿನ ತೂಕ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಜ್ವರ ಶುರುವಾದ ದಿನ, ಸರ್ಜನ್ನರ ಫೋನ್ ನಂಬರ್. ರಾತ್ರಿ ಪಾಳಿಯ ಡಾಕ್ಟರ ಕೈಗೆ ಅದನ್ನು ಕೊಟ್ಟು, ಸರ್ಜನ್ನರ ಜೊತೆ ಅಲ್ಲಿಯೇ ಮಾತಾಡಿಸಿ. ಡಾಪ್ಲರ್‌ನಲ್ಲಿ ಏನೂ ಸಿಗದಿದ್ದರೂ ಕಾಲು ನೋವು ಹಾಗೇ ಉಳಿದರೆ ಒಂದು ವಾರದೊಳಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಮೀನಖಂಡದ ಸಣ್ಣ ಹೆಪ್ಪು ಮೊದಲ ಸಲ ಕಾಣದೆ, ಮೇಲೇರಿದ ಮೇಲೆ ಕಾಣಿಸುವುದುಂಟು.